ಒಂದು ಹಿಡಿ ಸೊಪ್ಪು, ಒಬ್ಬ ಮಹಾರಾಜ

ಮೈಗೆ ಅಂಟಿದ ಕರಿಯ ಉಡುಗೆ, ಮುಖಕ್ಕೆ ಚಿರತೆಯ ಮುಖವಾಡ, ಬೆರಳಿಗೆ ಉಗುರು... ಓಡುವ ಕಾರಿನ ಮೇಲಿಂದ ಇನ್ನೊಂದು ಕಾರಿನ ಮೇಲಕ್ಕೆ ನೆಗೆಯುವ ಈ ರಾಜನನ್ನು ನೀವೂ ಟಿವಿಯಲ್ಲೋ ಮಕ್ಕಳ ಅಂಗಿಯ ಮೇಲಿನ ಚಿತ್ರದಲ್ಲೋ ನೋಡಿಯೇ ಇರುತ್ತೀರಿ. ಯಾರಪ್ಪಾ ಇವನು ಅಂತ ಕೇಳಿದರೆ, "ಅಷ್ಟೂ ಗೊತ್ತಿಲ್ವಾ ಅಮ್ಮಾ, ಬ್ಲ್ಯಾಕ್ ಪ್ಯಾಂಥರ್!" ಅಂತ ಮಕ್ಕಳು ನಗುತ್ತಾರೆ. ಹೊಡೆದಾಟದ ಸಿನಿಮಾ ನಮಗ್ಯಾಕೆ ಅಂದುಕೊಂಡು ನಾವು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋಗಿಬಿಡುತ್ತೇವೆ.

ಆದರೆ ಸೋದರಿಯರೇ, ಒಂದು ದಿನ ಮಕ್ಕಳ ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಹೊಡೆದಾಟ ಅವರಿಗಿರಲಿ. ಆ ರಾಜನ ಅಮ್ಮನನ್ನು ನೋಡಿ, ತಂಗಿಯನ್ನು ನೋಡಿ, ಅವನ ಸೇನೆಯ ದಂಡನಾಯಕಿಯನ್ನು ನೋಡಿ. ಅದು ನಾವು ಅಂದುಕೊಂಡಂಥ ಸಿನಿಮಾ ಅಲ್ಲ ಅನ್ನೋದು ಗೊತ್ತಾಗುತ್ತದೆ. ಅದಕ್ಕಿಂತಲೂ ಸೊಗಸಾದ ಇನ್ನೊಬ್ಬ ಆಫ್ರಿಕದ ರಾಜನ ಕಥೆಯಿದೆ. ಅದು ಶುರುವಾಗುವುದು ಯುದ್ಧಭೂಮಿಯಲ್ಲಲ್ಲ, ಪಕ್ಕದ ಮನೆಗೆ ಸೊಪ್ಪು ಕೇಳಲು ಹೋದ ಒಬ್ಬ ತಾಯಿಯಿಂದ! ಅವನ ಮೇಲೊಂದು ಚಿತ್ರಮಾಲಿಕೆ ಬಂದರೆ ಹೇಗಿರಬಹುದು? ಬನ್ನಿ, ಇವತ್ತು ಸ್ವಲ್ಪ ಕಲ್ಪನೆ ಮಾಡೋಣ.

ಭೂಪಟದಲ್ಲಿಲ್ಲದ ದೇಶ

ಮೊದಲು ಚಿರತೆಯ ರಾಜನ ವಿಚಾರ. ಇವನು ಹುಟ್ಟಿದ್ದು 1966ರಲ್ಲಿ, ಅಮೆರಿಕದ ಮಕ್ಕಳ ಚಿತ್ರಕಥೆಯ ಪುಸ್ತಕವೊಂದರಲ್ಲಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಂಬಿಬ್ಬರು ಅವನನ್ನು ಸೃಷ್ಟಿಸಿದರು. ಹೆಸರು ಟಿಚಾಲಾ. ಅವನ ದೇಶ ವಕಾಂಡಾ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಪರದೇಶದವರ ಆಳ್ವಿಕೆಗೆ ಒಮ್ಮೆಯೂ ಸಿಕ್ಕದೆ, ತನ್ನ ನೆಲದ ಅಪರೂಪದ ಲೋಹವನ್ನು ತಾನೇ ಕಾಪಾಡಿಕೊಂಡು, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದೆ ಹೋದ ಆಫ್ರಿಕದ ರಾಜ್ಯ ಅದು. ನಿಜವಾದ ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ಗುಲಾಮರಾಗಿ ಮಾರಿದರು. ಅವರ ಚಿನ್ನ, ವಜ್ರ, ರಬ್ಬರನ್ನು ಬೇರೆಯವರು ಹೊತ್ತೊಯ್ದರು. ಹಾಗಾಗದೆ ಇದ್ದಿದ್ದರೆ ಎಂಬ ಕನಸೇ ವಕಾಂಡಾ.

ಈ ಕನಸು ತೆರೆಗೆ ಬಂದದ್ದು 2018ರ ಫೆಬ್ರವರಿಯಲ್ಲಿ. ನಿರ್ದೇಶಕ ರಯಾನ್ ಕೂಗ್ಲರ್. ರಾಜನಾಗಿ ಚಾಡ್ವಿಕ್ ಬೋಸ್ಮನ್. ಲೋಕದಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 35 ವರ್ಷ ಸಿನಿಮಾ ಮಂದಿರಗಳೇ ಇಲ್ಲದಿದ್ದ ಸೌದಿ ಅರೇಬಿಯಾದಲ್ಲಿ 2018ರ ಏಪ್ರಿಲ್ 18ರಂದು ಮತ್ತೆ ಪರದೆ ಬೆಳಗಿದಾಗ ತೋರಿಸಿದ ಮೊದಲ ಚಿತ್ರವೂ ಇದೇ.

ಕಥೆ ಹೀಗಿದೆ. ತಂದೆ ಸತ್ತ ಮೇಲೆ ಟಿಚಾಲಾ ಪಟ್ಟಕ್ಕೆ ಬರುತ್ತಾನೆ. ದಾಯಾದಿಯೊಬ್ಬ ಬಂದು ದ್ವಂದ್ವಯುದ್ಧಕ್ಕೆ ಕರೆದು, ಗೆದ್ದು, ಅವನನ್ನು ಜಲಪಾತಕ್ಕೆ ಎಸೆದುಬಿಡುತ್ತಾನೆ. ರಾಜರಿಗೆ ಬಲ ಕೊಡುವ ಒಂದು ಮೂಲಿಕೆ ಆ ದೇಶದಲ್ಲುಂಟು. ಅದರ ತೋಟಕ್ಕೂ ಬೆಂಕಿ ಇಡಿಸುತ್ತಾನೆ. ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ ನಾಕಿಯಾ ಎಂಬಾಕೆ ಬೆಂಕಿ ಬೀಳುವ ಮೊದಲೇ ಒಂದು ಗಿಡವನ್ನು ಕಿತ್ತು ಬಚ್ಚಿಟ್ಟುಕೊಂಡಿರುತ್ತಾಳೆ. ಅಮ್ಮ ರಮೋಂಡಾ, ತಂಗಿ ಶುರಿ, ನಾಕಿಯಾ ಹಿಮದ ಬೆಟ್ಟ ಹತ್ತಿ ಹೋಗುತ್ತಾರೆ. ಅಲ್ಲಿ ಜೀವಕ್ಕೆ ಜೀವ ಹಿಡಿದು ಮಲಗಿದ್ದ ರಾಜನಿಗೆ ಅದೇ ಮೂಲಿಕೆಯ ರಸ ಕುಡಿಸಿ ಬದುಕಿಸುತ್ತಾರೆ. ನೋಡಿದಿರಾ? ವೀರನನ್ನು ಮತ್ತೆ ಎಬ್ಬಿಸಿದ್ದು ಕತ್ತಿಯಲ್ಲ. ಮನೆಯ ಹೆಂಗಸರು ಜೋಪಾನ ಮಾಡಿದ ಒಂದು ಗಿಡ.

ಸೂಜಿ ದಾರದ ಸಾಹಸ

ದೇಶ ಕಲ್ಪನೆಯದಾದರೂ ಅಲ್ಲಿನ ಜನರ ಬಟ್ಟೆಬರೆ ಕಲ್ಪನೆಯದಲ್ಲ. ಉಡುಗೆ ವಿನ್ಯಾಸ ಮಾಡಿದ ರೂತ್ ಕಾರ್ಟರ್ ಆಫ್ರಿಕದ ನಾನಾ ಮೂಲೆಗಳ ಉಡುಗೆ ತೊಡುಗೆ ಹುಡುಕಿ ತಂದರು. ಗಡಿ ಕಾಯುವವರು ಹೊದೆಯುವ ಬಣ್ಣದ ಕಂಬಳಿ ಲೆಸೊಥೊ ದೇಶದ ಬಸೊಥೊ ಜನರದು. ರಾಜಮಾತೆಯ ತಲೆಯ ಮೇಲೆ ಅಗಲವಾದ ಬಿಳಿ ಟೋಪಿ ಇದೆಯಲ್ಲ, ಅದು ಜುಲು ಜನಾಂಗದ ಮುತ್ತೈದೆಯರು ಧರಿಸುವ ಇಸಿಚೋಲೊ ಟೋಪಿಯ ಮಾದರಿ. ಕೂದಲಿಗೆ ಕೆಮ್ಮಣ್ಣು ಹಚ್ಚಿಕೊಂಡು ಸಭೆಯಲ್ಲಿ ಕೂತ ಹಿರಿಯಾಕೆಯನ್ನು ನೋಡಿ. ನಮೀಬಿಯಾದ ಹಿಂಬಾ ಹೆಂಗಸರು ಬೆಣ್ಣೆಯಲ್ಲಿ ಕೆಮ್ಮಣ್ಣು ಕಲಸಿ ಮೈಗೂ ಕೂದಲಿಗೂ ಹಚ್ಚಿಕೊಳ್ಳುವುದು ಹೀಗೇ. ಕೆಂಪು ಉಡುಗೆಯ ಅಂಗರಕ್ಷಕಿಯರ ಹಿಂದೆಯೂ ಚರಿತ್ರೆ ಇದೆ. ಈಗಿನ ಬೆನಿನ್ ದೇಶದಲ್ಲಿದ್ದ ದಹೋಮಿ ರಾಜ್ಯದಲ್ಲಿ 19ನೇ ಶತಮಾನದಲ್ಲಿ ಹೆಂಗಸರದೇ ಪಡೆಯಿತ್ತು. ಫ್ರೆಂಚರ ಬಂದೂಕಿಗೆ ಅವರು ಎದೆಗೊಟ್ಟು ಕಾದಾಡಿದ್ದರು.

2019ರಲ್ಲಿ ಈ ಕೆಲಸಕ್ಕೆ ಕಾರ್ಟರ್ ಅವರಿಗೆ ಆಸ್ಕರ್ ಬಂತು. ಉಡುಗೆ ವಿನ್ಯಾಸಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕರಿಯ ಮಹಿಳೆ ಅವರು. ಎರಡನೆಯ ಚಿತ್ರಕ್ಕೆ 2023ರಲ್ಲಿ ಮತ್ತೊಮ್ಮೆ ಬಂತು. ವಕಾಂಡಾದ ಅರಮನೆ, ಬೀದಿಗಳನ್ನೆಲ್ಲ ರೂಪಿಸಿದ ಹ್ಯಾನಾ ಬೀಚ್ಲರ್ ಅವರಿಗೂ 2019ರಲ್ಲೇ ಆಸ್ಕರ್. ಸೂಜಿ ದಾರ ಹಿಡಿಯುವುದನ್ನು ಹೆಂಗಸರ ಚಿಲ್ಲರೆ ಕೆಲಸ ಅನ್ನುವವರಿಗೆ ಇದನ್ನು ಹೇಳಬೇಕು, ಏನಂತೀರಿ?

ಭಾಷೆಯಲ್ಲೂ ಇದೇ ಶ್ರದ್ಧೆ. ಟಿಚಾಲಾನ ತಂದೆಯ ಪಾತ್ರ ಮಾಡಿದ ಜಾನ್ ಕಾನಿ ದಕ್ಷಿಣ ಆಫ್ರಿಕದ ಹಿರಿಯ ನಟ, ಮನೆಮಾತು ಖೋಸಾ. ತಂದೆ ಮಗ ಮಾತಾಡುವಾಗ ಆ ಭಾಷೆಯೇ ಇರಲಿ ಎಂಬ ಸಲಹೆ ಅವರದು. ನಾಲಿಗೆಯಿಂದ 'ಟಕ್' ಎಂಬ ಸದ್ದು ಬರುವ ಆ ಮಾತನ್ನು ಕೇಳಿ ದಕ್ಷಿಣ ಆಫ್ರಿಕದ ಪ್ರೇಕ್ಷಕರು ಎಷ್ಟು ಹಿಗ್ಗಿದರೋ! ಪರದೇಶದಲ್ಲಿ ಯಾರೋ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ನಮಗೆ ಆಗುವುದಿಲ್ಲವೇ, ಹಾಗೆ.

ರಾಜನಿಲ್ಲದ ಮನೆ

ಆಮೇಲೆ ಬಂತು ಆಘಾತ. 2020ರ ಆಗಸ್ಟ್ 28ರಂದು ಬೋಸ್ಮನ್ ತೀರಿಕೊಂಡರು. ವಯಸ್ಸು 43. ದೊಡ್ಡ ಕರುಳಿನ ಕ್ಯಾನ್ಸರ್. ಕಾಯಿಲೆ ಗೊತ್ತಾದದ್ದು 2016ರಲ್ಲೇ. ಶಸ್ತ್ರಚಿಕಿತ್ಸೆ, ಔಷಧೋಪಚಾರಗಳ ನಡುವೆಯೇ ಅವರು ಚಿತ್ರದ ಮೇಲೆ ಚಿತ್ರ ಮಾಡುತ್ತಿದ್ದರು, ಯಾರಿಗೂ ತಿಳಿಸಿರಲಿಲ್ಲ. ನಿರ್ದೇಶಕರಿಗೇ ಕಾಯಿಲೆಯ ಪೂರ್ತಿ ವಿಷಯ ಗೊತ್ತಿರಲಿಲ್ಲವಂತೆ. (ನಮ್ಮ ಮನೆಗಳಲ್ಲೂ ನೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುವವರು ಎಷ್ಟಿಲ್ಲ! ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ.)

ರಾಜನೇ ಹೋದ ಮೇಲೆ ರಾಜನ ಕಥೆ ಮುಂದುವರಿಯುವುದು ಹೇಗೆ? ಬೇರೊಬ್ಬ ನಟನನ್ನು ತಂದು ಕೂರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 2022ರ ನವೆಂಬರಿನಲ್ಲಿ ಬಂದ ಎರಡನೆಯ ಚಿತ್ರದಲ್ಲಿ ಟಿಚಾಲಾ ಕಾಯಿಲೆಯಿಂದ ತೀರಿಕೊಳ್ಳುತ್ತಾನೆ. ಬಿಳಿ ಬಟ್ಟೆ ಉಟ್ಟ ಮೆರವಣಿಗೆಯಲ್ಲಿ ಊರೆಲ್ಲ ಅವನನ್ನು ಕಳಿಸಿಕೊಡುತ್ತದೆ. ಗಂಡನನ್ನೂ ಮಗನನ್ನೂ ಕಳೆದುಕೊಂಡ ತಾಯಿ ಸಿಂಹಾಸನದಲ್ಲಿ ಕೂತು ರಾಜ್ಯ ನಡೆಸುತ್ತಾಳೆ. ಅಣ್ಣನನ್ನು ಉಳಿಸಿಕೊಳ್ಳಲಾಗದ ತಂಗಿ ದುಃಖವನ್ನು ಕೋಪವಾಗಿ ಮಾಡಿಕೊಂಡು, ಕೊನೆಗೆ ಸುಟ್ಟುಹೋದ ಮೂಲಿಕೆಯನ್ನು ತನ್ನ ವಿದ್ಯೆಯಿಂದ ಮತ್ತೆ ಸೃಷ್ಟಿಸಿ ತಾನೇ ಚಿರತೆಯ ಮುಖವಾಡ ಧರಿಸುತ್ತಾಳೆ. ತಾಯಿಯಾಗಿ ನಟಿಸಿದ ಆಂಜೆಲಾ ಬ್ಯಾಸೆಟ್ ಅವರ ಮುಖವನ್ನು ನೋಡಿ, ಮಗನನ್ನು ಕಳಕೊಂಡ ಯಾವ ಊರಿನ ತಾಯಿಯ ಮುಖವೂ ಅದೇ. ಯಜಮಾನ ಹೋದ ಮನೆಯಲ್ಲಿ ಮಾರನೆಯ ದಿನವೂ ಒಲೆ ಹೊತ್ತಬೇಕು, ಮಕ್ಕಳಿಗೆ ಅನ್ನ ಬೇಯಬೇಕು. ಅದನ್ನು ಮಾಡುವವರು ಯಾರು ಎಂಬುದು ನಮಗೆ ಗೊತ್ತಿಲ್ಲದ್ದೇ?

ನಿಜದ ನೆಲದ ರಾಜ

ವಕಾಂಡಾ ಕಲ್ಪನೆ, ಸರಿ. ಆಫ್ರಿಕದ ಜನ ತಾವೇ ತಲೆಮಾರುಗಳಿಂದ ಹಾಡಿಕೊಂಡು ಬಂದ ವೀರ ರಾಜ ಯಾರೂ ಇಲ್ಲವೇ? ಇದ್ದಾನೆ. ಪಶ್ಚಿಮ ಆಫ್ರಿಕದ ಸುಂಜಾಟಾ. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದವನು. ಅವನ ವಂಶದ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೋಗುತ್ತಾ ದಾರಿಯುದ್ದಕ್ಕೂ ಚಿನ್ನ ಹಂಚಿದನೆಂಬುದು ಲೋಕಪ್ರಸಿದ್ಧ.

ಸುಂಜಾಟಾನ ಕಥೆಯನ್ನು ಉಳಿಸಿದವರು 'ಗ್ರಿಯೋ' ಎಂಬ ಕುಲದ ಕಥೆಗಾರರು. ನಮ್ಮಲ್ಲಿ ಕಂಸಾಳೆಯವರು ಮಾದೇಶ್ವರನ ಕಥೆಯನ್ನು, ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಲ್ಲವೇ, ಹಾಗೆಯೇ ಇವರು. ಈ ಕುಲದ ಹೆಂಗಸರು ಹಾಡಿಕೆಗೆ ಹೆಸರಾದವರು. ಗಿನಿ ದೇಶದ ಚರಿತ್ರಕಾರ ಜಿಬ್ರಿಲ್ ತಮ್ಸೀರ್ ನಿಯಾನ್ ಒಬ್ಬ ಗ್ರಿಯೋ ಹೇಳಿದ್ದನ್ನು ಕೇಳಿ ಬರೆದು 1960ರಲ್ಲಿ ಅಚ್ಚು ಮಾಡಿಸಿದ ಮೇಲೆ ಹೊರಲೋಕಕ್ಕೂ ಕಥೆ ತಿಳಿಯಿತು. ಹಾಡುಗಾರನಿಂದ ಹಾಡುಗಾರನಿಗೆ ಕಥೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಹೇಳುವುದು ಆ ಪುಸ್ತಕದಲ್ಲಿರುವ ಕಥೆ.

ಇದನ್ನು ಮೂರು ಚಿತ್ರಗಳಾಗಿ ಮಾಡಬಹುದು ಎಂದು ನನ್ನ ಕಲ್ಪನೆ. ಮೂರರಲ್ಲೂ ಹೆಂಗಸರೇ ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಇದು ನಾನು ಸೇರಿಸಿದ್ದಲ್ಲ, ಕಥೆಯಲ್ಲಿರುವುದೇ ಹಾಗೆ.

ಮೊದಲ ಚಿತ್ರ: ತೆವಳುವ ಮಗು

ನಿಯಾನಿ ಎಂಬ ಊರಿನ ರಾಜನಿಗೆ ಒಬ್ಬ ಬೇಟೆಗಾರ ಭವಿಷ್ಯ ಹೇಳುತ್ತಾನೆ: ಕುರೂಪಿಯಾದ, ಬೆನ್ನು ಗೂನಾದ ಹೆಣ್ಣೊಬ್ಬಳು ಬರುತ್ತಾಳೆ, ಅವಳ ಹೊಟ್ಟೆಯಲ್ಲಿ ಹುಟ್ಟುವವನು ಲೋಕವನ್ನೇ ಆಳುತ್ತಾನೆ. ಹಾಗೇ ಬಂದವಳು ಸೊಗೊಲೋನ್. ರಾಜ ಅವಳನ್ನು ಮದುವೆಯಾಗುತ್ತಾನೆ. ಹಿರಿಯ ರಾಣಿ ಸಸೂಮಾಳಿಗೆ ಹೊಟ್ಟೆಯಲ್ಲಿ ಕಿಚ್ಚು. ಅವಳಿಗೂ ಒಬ್ಬ ಮಗನಿದ್ದಾನೆ, ಪಟ್ಟ ಅವನಿಗೇ ಆಗಬೇಕು. ನಮ್ಮ ಧ್ರುವನ ಕಥೆಯ ಸುರುಚಿ, ಸುನೀತಿಯರು ನೆನಪಾದರಲ್ಲವೇ?

ಸೊಗೊಲೋನ್ ಗಂಡುಮಗುವನ್ನು ಹೆತ್ತಳು. ಆದರೆ ಮಗು ನಡೆಯಲಿಲ್ಲ. ಮೂರು ವರ್ಷವಾಯಿತು, ತೆವಳುತ್ತಲೇ ಇದೆ. ಏಳು ವರ್ಷವಾಯಿತು, ತೆವಳುತ್ತಲೇ ಇದೆ. ತಾಯಿ ಮಾಡಿಸದ ಮದ್ದಿಲ್ಲ. ಊರ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವುದು, ಸಸೂಮಾ ತನ್ನ ಮಗನನ್ನು ಬೇಕೆಂದೇ ಅವರ ಅಂಗಳದಲ್ಲಿ ಓಡಾಡಿಸುವುದು... ಮಗು ನಡೆಯುವುದು ತಡವಾದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಇನ್ನೂ ನಡೀಲಿಲ್ವಾ?" ಎಂಬ ಒಂದು ಮಾತು ಸಾಕು, ರಾತ್ರಿಯ ನಿದ್ದೆ ಹಾರಲು.

ರಾಜ ತೀರಿಕೊಂಡ. ಸಸೂಮಾಳ ಮಗನಿಗೆ ಪಟ್ಟವಾಯಿತು. ಸೊಗೊಲೋನ್ ಮಕ್ಕಳನ್ನು ಕಟ್ಟಿಕೊಂಡು, ಊರ ಹಿಂದಿನ ಚಿಕ್ಕ ತೋಟದಲ್ಲಿ ಬೆಳೆದದ್ದರಲ್ಲಿ ದಿನ ದೂಡುತ್ತಿದ್ದಳು. ಒಂದು ದಿನ ಅಡಿಗೆಗೆ ಬಾವೊಬಾಬ್ ಸೊಪ್ಪು ಇರಲಿಲ್ಲ. ಆ ಸೀಮೆಯಲ್ಲಿ ಈ ಸೊಪ್ಪನ್ನು ಒಣಗಿಸಿ, ಕುಟ್ಟಿ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಬೆಂಡೆಕಾಯಿಯ ಹಾಗೆ ಸ್ವಲ್ಪ ಲೋಳೆಯಾಗಿ ಸಾರು ಮಂದವಾಗುತ್ತದೆ. ಸಜ್ಜೆಯದೋ ಜೋಳದ್ದೋ ಹಿಟ್ಟು ತೊಳಸಿದ, ನಮ್ಮ ಮುದ್ದೆಯಂಥ 'ತೋ' ಎಂಬುದನ್ನು ಈ ಸಾರಲ್ಲಿ ಅದ್ದಿ ತಿನ್ನುತ್ತಾರೆ. ಬಾವೊಬಾಬ್ ಅಂದರೆ ಯಾವ ಮರ ಅಂತೀರಾ? ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿ 'ದೊಡ್ಡ ಹುಣಸೆ' ಎಂದು ಕರೆಯುವ ಆನೆಗಾತ್ರದ ಬೊಡ್ಡೆಯ ಮರಗಳನ್ನು ನೋಡಿದ್ದರೆ, ಅದೇ ಮರ. ಅದರ ತವರು ಆಫ್ರಿಕ.

ಸೊಗೊಲೋನ್ ಸವತಿಯ ಮನೆಗೆ ಹೋಗಿ ಒಂದು ಹಿಡಿ ಸೊಪ್ಪು ಕೇಳಿದಳು. ಸಸೂಮಾಳ ಬುರುಡೆಯಲ್ಲಿ ಸೊಪ್ಪು ತುಂಬಿತ್ತು. ಬೇಕಾದಷ್ಟು ತೆಗೆದುಕೋ ಅಂದಳು. ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಸಸೂಮಾ ಹೇಗಾದಾಳು? ನನ್ನ ಮಗ ಏಳು ವರ್ಷಕ್ಕೆ ಕಾಲ ಮೇಲೆ ನಿಂತು ಮರದಿಂದ ಸೊಪ್ಪು ಕಿತ್ತು ತಂದ, ನಿನ್ನ ಮಗನಿಗೆ ಆ ಯೋಗ್ಯತೆ ಎಲ್ಲಿದೆ ಎಂದು ಕುಹಕದ ನಗೆ ನಕ್ಕಳು.

ಹಂಗಿನ ಸೊಪ್ಪು ಯಾರ ಗಂಟಲಲ್ಲಿ ಇಳಿದೀತು? ಆ ತಾಯಿ ಅಳುತ್ತಾ ಮನೆಗೆ ಬಂದಳು. ಬಾಗಿಲಲ್ಲಿ ನಿಶ್ಚಿಂತೆಯಿಂದ ಕೂತಿದ್ದ ಮಗನನ್ನು ಕಂಡು ಸಂಕಟ ತಡೆಯಲಾರದೆ ಕೈಗೆ ಸಿಕ್ಕ ಕಟ್ಟಿಗೆಯಿಂದ ಹೊಡೆದೂ ಬಿಟ್ಟಳು. ಮಗ ಅಳಲಿಲ್ಲ. ಏನಾಯಿತೆಂದು ಕೇಳಿ ತಿಳಿದುಕೊಂಡು, ಇವತ್ತೇ ನಡೆಯುತ್ತೇನೆ, ನಿನಗೆ ಬರೀ ಸೊಪ್ಪು ಸಾಕೋ ಮರವೇ ಬೇಕೋ ಎಂದು ಕೇಳಿದ!

ಕಮ್ಮಾರನಿಂದ ದೊಡ್ಡ ಕಬ್ಬಿಣದ ಸಲಾಕೆ ತರಿಸಿದ. ಎರಡೂ ಕೈಯಲ್ಲಿ ಅದನ್ನು ಹಿಡಿದು, ಮಂಡಿಯೂರಿ, ಬೆವರು ಸುರಿಸುತ್ತಾ ಮೇಲೆದ್ದ. ಅವನ ಭಾರಕ್ಕೆ ಸಲಾಕೆ ಬಿಲ್ಲಿನಂತೆ ಬಾಗಿತು. ಊರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಹೆಜ್ಜೆ ಇಟ್ಟ. ಹೋಗಿ ಒಂದು ಎಳೆಯ ಬಾವೊಬಾಬ್ ಮರವನ್ನೇ ಬೇರುಸಮೇತ ಕಿತ್ತು, ಹೆಗಲ ಮೇಲೆ ಹೊತ್ತು ತಂದು ತಾಯಿಯ ಬಾಗಿಲ ಮುಂದೆ ಹಾಕಿದ. ಇನ್ನು ಮೇಲೆ ಊರ ಹೆಂಗಸರೇ ಸೊಪ್ಪಿಗಾಗಿ ನಿನ್ನ ಬಾಗಿಲಿಗೆ ಬರಬೇಕು ಅಂದ.

ಮೊದಲ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಬೇಕೇ? ಆಕಾಶದಲ್ಲಿ ಹಾರುವುದು ಬೇಡ, ಮುಖವಾಡ ಬೇಡ. ಒಂದು ಮಗು ಎದ್ದು ನಿಂತರೆ ಸಾಕು.

ಎರಡನೆಯ ಚಿತ್ರ: ಪರಊರ ಸಂತೆ

ಸಸೂಮಾಳ ದ್ವೇಷ ಮಾತಿನಲ್ಲಿ ನಿಲ್ಲಲಿಲ್ಲ. ಹುಡುಗನನ್ನು ಮುಗಿಸಲು ಒಂಬತ್ತು ಮಂದಿ ಮಾಟಗಾತಿ ಮುದುಕಿಯರನ್ನು ಗೊತ್ತುಮಾಡಿದಳು. ಅವರು ಸೊಗೊಲೋನಳ ತೋಟಕ್ಕೆ ನುಗ್ಗಿ ಸೊಪ್ಪು ಕೀಳಬೇಕು, ಹುಡುಗ ರೇಗಿ ಕೈ ಎತ್ತಿದರೆ ಮಾಟ ಮಾಡಬೇಕು, ಹೀಗೆ ಹೂಟ. ಆದರೆ ಸುಂಜಾಟಾ ಏನು ಮಾಡಿದ? ಅಜ್ಜಿಯರಿಗೆ ತಾನೇ ಸೊಪ್ಪು ಕಿತ್ತು ಕೊಟ್ಟ, ಬೇಟೆಯ ಮಾಂಸವನ್ನೂ ಹಂಚಿದ. ನಾಚಿಕೊಂಡ ಮುದುಕಿಯರು ಇಂಥವನಿಗೆ ನಾವು ಕೇಡು ಬಯಸಲಾರೆವು ಎಂದು ಅವನ ಕಡೆಯೇ ನಿಂತರು. ವೀರನ ದೊಡ್ಡತನವನ್ನು ಬರಿಯ ತೋಳಿನಲ್ಲಿ ಅಳೆಯುವ ಸಿನಿಮಾದವರು ಈ ದೃಶ್ಯವನ್ನು ಬಿಟ್ಟುಬಿಡಬಾರದು.

ಇನ್ನು ಇಲ್ಲಿದ್ದರೆ ಉಳಿಗಾಲವಿಲ್ಲವೆಂದು ಸೊಗೊಲೋನ್ ಮಕ್ಕಳೊಂದಿಗೆ ಊರು ಬಿಟ್ಟಳು. ಒಂದು ರಾಜ್ಯದಿಂದ ಇನ್ನೊಂದಕ್ಕೆ, ಕಂಡವರ ಆಶ್ರಯದಲ್ಲಿ, ವರ್ಷಗಟ್ಟಲೆ ಅಲೆದಾಟ. ಕೊನೆಗೆ ಮೇಮಾ ಎಂಬ ರಾಜ್ಯದಲ್ಲಿ ನೆಲೆ ಸಿಕ್ಕಿತು. ಅಲ್ಲಿ ಸುಂಜಾಟಾ ಶೂರನಾಗಿ ಬೆಳೆದ. ಅತ್ತ ಮಾಲಿಯ ಗತಿಯೇನು? ಸೋಸೋ ರಾಜ್ಯದ ಸುಮಾವರೋ ಎಂಬ ಮಾಂತ್ರಿಕ ದೊರೆ ದಂಡೆತ್ತಿ ಬಂದ. ಸಸೂಮಾಳ ಮಗ ಹೆದರಿ ಓಡಿಹೋದ. ಆಗ ಊರಿನವರಿಗೆ ಸುಂಜಾಟಾನ ನೆನಪಾಯಿತು. ಆದರೆ ಅವನು ಎಲ್ಲಿದ್ದಾನೆಂದು ಯಾರಿಗೆ ಗೊತ್ತು? ಹುಡುಕಲು ಹೊರಟವರು ತಮ್ಮ ಜೊತೆ ತಮ್ಮ ಕಡೆಯ ಸೊಪ್ಪು, ಸಾಂಬಾರ ಪದಾರ್ಥಗಳನ್ನು ಒಯ್ದು ಊರೂರ ಸಂತೆಯಲ್ಲಿ ಮಾರಾಟಕ್ಕೆ ಇಟ್ಟರು.

ಮೇಮಾದ ಸಂತೆಗೆ ಸುಂಜಾಟಾನ ತಂಗಿ ಕೊಲೊಂಕಾನ್ ತರಕಾರಿಗೆ ಬಂದಿದ್ದಳು. ಒಬ್ಬಳು ವ್ಯಾಪಾರದ ಹೆಂಗಸಿನ ಮುಂದೆ ಬಾವೊಬಾಬ್ ಸೊಪ್ಪು! ಆ ಊರಲ್ಲಿ ಅದನ್ನು ತಿನ್ನುವವರೇ ಇಲ್ಲ. ಇದು ನಮ್ಮೂರ ಸೊಪ್ಪು, ನೀವು ನಮ್ಮೂರವರೇ ಇರಬೇಕು ಎಂದು ಗುರುತು ಹಿಡಿದು ಅವರನ್ನು ಮನೆಗೆ ಕರೆದೊಯ್ದಳು. ಸಾಮ್ರಾಜ್ಯಕ್ಕೆ ಅದರ ರಾಜ ಸಿಕ್ಕಿದ್ದು ಹೀಗೆ. ಗೂಢಚಾರರಿಂದಲ್ಲ, ಸಂತೆಗೆ ಹೋದ ಹೆಣ್ಣುಮಗಳ ಕಣ್ಣಿನಿಂದ! ಮದುವೆಯಾಗಿ ದೂರದ ಊರಿಗೆ ಹೋದವರು ಪೇಟೆಯಲ್ಲಿ ತವರಿನ ಕಡೆಯ ಬದನೆಕಾಯಿಯನ್ನೋ ಸೊಪ್ಪನ್ನೋ ಕಂಡಾಗ ಕಾಲು ತಾನಾಗಿ ನಿಲ್ಲುವುದಿಲ್ಲವೇ? ಕೊಲೊಂಕಾನಳ ಮನಸ್ಸು ನಮಗೆ ಅರ್ಥವಾದಷ್ಟು ಗಂಡಸರಿಗೆ ಅರ್ಥವಾದೀತೇ ಎಂದು ನನಗೆ ಅನುಮಾನ.

ಆ ಹೊತ್ತಿಗೆ ಸೊಗೊಲೋನ್ ಹಾಸಿಗೆ ಹಿಡಿದಿದ್ದಳು. ಮಗನಿಗೆ ಕರೆ ಬಂದದ್ದನ್ನು ಕೇಳಿಸಿಕೊಂಡ ಮೇಲೆ ಕಣ್ಣು ಮುಚ್ಚಿದಳು. ಸಿಂಹಾಸನದ ಮೇಲೆ ಮಗನನ್ನು ನೋಡುವ ಭಾಗ್ಯ ಅವಳಿಗಿರಲಿಲ್ಲ. ಎರಡನೆಯ ಚಿತ್ರ ಅಲ್ಲಿ ಮುಗಿಯಬೇಕು.

ಮೂರನೆಯ ಚಿತ್ರ: ಹುಂಜದ ಮುಳ್ಳು

ಮಾಂತ್ರಿಕ ಸುಮಾವರೋವಿಗೆ ಕಬ್ಬಿಣದ ಆಯುಧ ನಾಟುವುದಿಲ್ಲ. ಅವನ ಪ್ರಾಣದ ಗುಟ್ಟು ಬೇರೆಲ್ಲೋ ಇದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಆ ಗುಟ್ಟನ್ನು ತಿಳಿದು ತಂದವಳು ನಾನಾ ತ್ರಿಬಾನ್. ಅವಳು ಯಾರು ಗೊತ್ತೇ? ಅದೇ ಸಸೂಮಾಳ ಮಗಳು! ಅಣ್ಣ ತನ್ನ ತಲೆ ಉಳಿಸಿಕೊಳ್ಳಲು ಅವಳನ್ನು ಆ ಮಾಂತ್ರಿಕನಿಗೆ ಕೊಟ್ಟುಬಿಟ್ಟಿದ್ದ. ಒಲ್ಲದ ಗಂಡನ ಅರಮನೆಯಲ್ಲಿದ್ದುಕೊಂಡೇ ಅವಳು ಗುಟ್ಟು ಅರಿತು, ತಪ್ಪಿಸಿಕೊಂಡು ಬಂದು ಮಲಸೋದರನ ಪಕ್ಷ ಸೇರಿದಳು. ತಾಯಿ ಮಾಡಿದ ಅನ್ಯಾಯವನ್ನು ಮಗಳು ತೊಳೆದಳು.

ಗುಟ್ಟು ಇಷ್ಟೇ: ಹುಂಜದ ಕಾಲಿನ ಮುಳ್ಳು ತಾಗಿದರೆ ಅವನ ಬಲ ಇಳಿದುಹೋಗುತ್ತದೆ. ಸುಮಾರು 1235ರಲ್ಲಿ ಕಿರಿನಾ ಎಂಬಲ್ಲಿ ನಡೆದ ಯುದ್ಧದಲ್ಲಿ ಸುಂಜಾಟಾ ಬಿಳಿ ಹುಂಜದ ಮುಳ್ಳನ್ನು ಬಾಣದ ತುದಿಗೆ ಕಟ್ಟಿ ಹೊಡೆದ. ಭುಜಕ್ಕೆ ಸವರಿದ್ದಷ್ಟೇ, ಮಾಂತ್ರಿಕ ಕಂಗೆಟ್ಟು ಓಡಿದ. ಅವನದೆಂದು ಹೇಳುವ ಬಾಲಾಫೋನ್ ವಾದ್ಯವನ್ನು ಗಿನಿ ದೇಶದ ನಿಯಾಗಸ್ಸೋಲಾ ಎಂಬ ಊರಲ್ಲಿ ಗ್ರಿಯೋ ಮನೆತನದವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಮರದ ಪಟ್ಟಿಗಳ ಕೆಳಗೆ ಸೋರೆ ಬುರುಡೆ ಕಟ್ಟಿದ ವಾದ್ಯ ಅದು.

ಗೆದ್ದ ಮೇಲೆ ಸುಂಜಾಟಾ ಕುರುಕಾನ್ ಫುಗಾ ಎಂಬ ಬಯಲಿನಲ್ಲಿ ಎಲ್ಲ ಕುಲದವರ ಸಭೆ ಕರೆದು ರಾಜ್ಯಕ್ಕೊಂದು ಕಟ್ಟಳೆ ಮಾಡಿದನಂತೆ. ಅದೂ ಬಾಯಿಪಾಠದಲ್ಲೇ ಉಳಿದುಬಂದದ್ದು. 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1998ರಲ್ಲಿ ಗ್ರಿಯೋಗಳೆಲ್ಲ ಸೇರಿದಾಗ ಅವರಿಂದ ಕೇಳಿ ಬರೆದುಕೊಂಡ ಪಾಠದಲ್ಲಿ ಒಂದು ಕಟ್ಟಳೆ ಇದೆ: ಹೆಂಗಸರ ಮನಸ್ಸನ್ನು ನೋಯಿಸಬೇಡಿ, ಅವರು ನಮ್ಮ ತಾಯಂದಿರು. ರಾಜ್ಯಭಾರದಲ್ಲಿ ಹೆಂಗಸರಿಗೂ ಪಾಲಿರಲಿ ಎಂಬ ಕಟ್ಟಳೆಯೂ ಇದೆ.

ಒಂದು ಹಿಡಿ ಸೊಪ್ಪಿಗಾಗಿ ಅವಮಾನ ಉಂಡ ತಾಯಿಯ ಮಗ ಆಳಿದ ನಾಡಿನ ಕಟ್ಟಳೆ ಇದು. ಸೊಪ್ಪಿನ ಬುರುಡೆಯಿಂದ ಈ ಬಯಲಿನವರೆಗೆ ಕಥೆ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ, ನೋಡಿ.

ಕತ್ತರಿ ಹಾಕಬಾರದ ಜಾಗ

ಈ ಕಥೆಯನ್ನು ತೆರೆಗೆ ತಂದವರೇ ಇಲ್ಲವೆಂದಲ್ಲ. ಬುರ್ಕಿನಾ ಫಾಸೊ ದೇಶದ ದಾನಿ ಕುಯಾಟೆ 1995ರಲ್ಲಿ 'ಕೈಟಾ' ಎಂಬ ಚಿತ್ರ ಮಾಡಿದರು. ಪಟ್ಟಣದ ಶಾಲಾ ಹುಡುಗನಿಗೆ ಮುದಿ ಗ್ರಿಯೋ ಒಬ್ಬ ಬಂದು ಸುಂಜಾಟಾನ ಕಥೆ ಹೇಳುತ್ತಾನೆ. ಆ ಮುದುಕನಾಗಿ ನಟಿಸಿದವರು ನಿರ್ದೇಶಕರ ತಂದೆ ಸೊತಿಗಿ ಕುಯಾಟೆ. ಪೀಟರ್ ಬ್ರೂಕ್ ಅವರ 'ಮಹಾಭಾರತ'ದಲ್ಲಿ ಭೀಷ್ಮನಾಗಿದ್ದವರು ಇವರೇ! ಚಿತ್ರ ಸೊಗಸಾಗಿದೆ, ಆದರೆ ಕಥೆ ಸುಂಜಾಟಾ ಊರು ಬಿಡುವಲ್ಲಿಗೇ ನಿಲ್ಲುತ್ತದೆ.

ಮುಂದೆ ಯಾರಾದರೂ ಕೋಟಿ ಕೋಟಿ ಸುರಿದು ಪೂರ್ತಿ ಚಿತ್ರಮಾಲಿಕೆ ಮಾಡಿದರೆ ನನಗೆ ಎರಡು ಭಯ. ಒಂದು, ಯುದ್ಧಕ್ಕೆ ಜಾಗ ಸಾಲದೆಂದು ಅಡಿಗೆಮನೆಗೆ ಕತ್ತರಿ ಹಾಕಿಯಾರು. ಸೊಪ್ಪಿನ ಬುರುಡೆ, ತೋಟದ ಮುದುಕಿಯರು, ಸಂತೆಯ ತಂಗಿ, ಇವರೆಲ್ಲ 'ನಿಧಾನದ ದೃಶ್ಯ'ಗಳೆಂದು ಹೋದರೆ ಉಳಿಯುವುದು ಹತ್ತರಲ್ಲಿ ಹನ್ನೊಂದನೆಯ ಹೊಡೆದಾಟ. ಚಿರತೆಯ ರಾಜನ ಚಿತ್ರ ಗೆದ್ದದ್ದು ಕಂಬಳಿ, ಟೋಪಿ, ಮಾತು, ಅಮ್ಮ, ತಂಗಿ ಯಾವುದನ್ನೂ ಅದು ಚಿಲ್ಲರೆ ಎಂದು ಬಿಡಲಿಲ್ಲವಾದ್ದರಿಂದ.

ಎರಡನೆಯದು ಇನ್ನೂ ಸೂಕ್ಷ್ಮ. ಅವಮಾನವಾದ ಕೂಡಲೆ ಮಗು ಎದ್ದು ನಿಂತಿತು ಎಂದು ತೋರಿಸಿದರೆ, ಏಳಲಾಗದ ಮಗುವಿನ ತಾಯಿಗೆ ಏನನ್ನಿಸೀತು? ಕಥೆ ಕಥೆಯೇ. ಮಗು ಒಂದೂವರೆ ವರ್ಷವಾದರೂ ನಡೆಯದಿದ್ದರೆ ಹರಕೆ ಹೊತ್ತು ಕಾಯದೆ ವೈದ್ಯರಿಗೆ ತೋರಿಸಬೇಕು. ಬೇಗ ತೋರಿಸಿದಷ್ಟೂ ಒಳ್ಳೆಯದು. ಎಷ್ಟೋ ಮಕ್ಕಳು ನಡೆಯುತ್ತಾರೆ. ಕೆಲವರು ಗಾಲಿ ಕುರ್ಚಿಯಲ್ಲೇ ಓದಿ ಮುಂದೆ ಬರುತ್ತಾರೆ. ಆ ಮಕ್ಕಳ ತಾಯಿಗೂ ಸೊಗೊಲೋನಳಿಗೆ ಸಲ್ಲಬೇಕಾಗಿದ್ದ ಮರ್ಯಾದೆಯೇ ಸಲ್ಲಬೇಕು. ಅದೂ ಮಗ ಮರ ಕಿತ್ತು ತರುವ ಮೊದಲೇ. ಆ ಕಟ್ಟಳೆಯಲ್ಲಿ ನಡೆಯುವ ಮಕ್ಕಳ ತಾಯಂದಿರು ಎಂದೇನೂ ಹೇಳಿಲ್ಲ, ತಾಯಂದಿರು ಎಂದಷ್ಟೇ ಇದೆ.

ಸಿನಿಮಾ ಬಂದಾಗ ಬರಲಿ. ಈ ರಜೆಯಲ್ಲಿ ಮಕ್ಕಳು ಮತ್ತೆ ಚಿರತೆಯ ರಾಜನ ಮುಂದೆ ಕೂತಾಗ ನೀವೂ ಸೊಪ್ಪು ಸೋಸುತ್ತಾ ಪಕ್ಕದಲ್ಲಿ ಕೂತುಕೊಳ್ಳಿ. ಮುಗಿದ ಮೇಲೆ, "ಇವನಿಗಿಂತ ದೊಡ್ಡ ರಾಜ ಒಬ್ಬನಿದ್ದ ಕಣೋ, ಏಳು ವರ್ಷ ತೆವಳುತ್ತಿದ್ದ" ಎಂದು ಶುರುಮಾಡಿ. ಟಿವಿ ಆರಿಸಿ ನಿಮ್ಮ ಕಡೆ ತಿರುಗದಿದ್ದರೆ ಕೇಳಿ!

ಮತ್ತೆ, ನಡುವೆ ಪಕ್ಕದ ಮನೆಯಾಕೆ ಒಂದು ಎಸಳು ಕರಿಬೇವು ಕೇಳಿ ಬಂದರೆ, ಮಾತು ಸೇರಿಸದೆ ಕೈ ತುಂಬ ಕೊಟ್ಟು ಕಳಿಸಿ.